ಊರು ಪಂಗಡದ ಹೆಸರು ಕೇಳುವುದಿಲ್ಲ

ಮಂಡ್ಯ ಜಿಲ್ಲೆಯ ಹಲಗೂರಿನ ಸಂತೆಯಲ್ಲಿ ನಿಂತು ಪ್ರೆಸ್ಬಿಟೇರಿಯನ್ ಚರ್ಚು ಎಲ್ಲಿದೆ ಎಂದು ವಿಚಾರಿಸಿದರೆ ದಾರಿ ತೋರಿಸುವವರು ಸಿಗುವುದು ಕಷ್ಟ. ಸ್ಕಾಟ್ಲೆಂಡ್ ಮೂಲದ ಆ ಪಂಗಡ ಹಳೇ ಮೈಸೂರಿನ ಹಳ್ಳಿಗಳಲ್ಲಿ ಬೇರೂರಲಿಲ್ಲ. ಬೆಂಗಳೂರಿನ ದಂಡಿನಲ್ಲಿದ್ದ ಸ್ಕಾಟಿಷ್ ಸೈನಿಕರಿಗಾಗಿ ಕಬ್ಬನ್ ರಸ್ತೆಯಲ್ಲಿ 1866ರಲ್ಲಿ ತೆರೆದ ಸಂತ ಆಂಡ್ರ್ಯೂ ಚರ್ಚೇ ಅದರ ದೊಡ್ಡ ಗುರುತು. 1908ರಲ್ಲಿ ಪ್ರೆಸ್ಬಿಟೇರಿಯನ್ನರು ಮತ್ತು ಕಾಂಗ್ರಿಗೇಷನಲಿಸ್ಟರು ದಕ್ಷಿಣ ಭಾರತ ಐಕ್ಯ ಸಭೆಯಾಗಿ ಒಂದಾದರು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ನರೂ ಮೆಥಡಿಸ್ಟರೂ ಸೇರಿಕೊಂಡು ಚರ್ಚ್ ಆಫ್ ಸೌತ್ ಇಂಡಿಯಾ (ಸಿಎಸ್‌ಐ) ಹುಟ್ಟಿತು.

ನಮ್ಮ ಸೀಮೆಯ ಹಳ್ಳಿಗರಿಗೆ ಪ್ರಾಟೆಸ್ಟೆಂಟರ ಪರಿಚಯವಾದದ್ದು ಮೆಥಡಿಸ್ಟರ ವೆಸ್ಲಿಯನ್ ಮಿಷನ್ನಿನಿಂದ. 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆಸಿ ಕೆಲಸ ಶುರುಮಾಡಿದರು. ಮೈಸೂರಿನಲ್ಲಿ ಹಾರ್ಡ್ವಿಕ್ ಶಾಲೆ, ವೆಸ್ಲಿ ಪ್ರೆಸ್ ಬಂದವು. 1906ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಬಂತು. ಆ ಉದ್ದನೆಯ ಹೆಸರನ್ನು ಜನ ಬಳಸಲಿಲ್ಲ. ಇಂದಿಗೂ ಅದು ‘ಮಿಷನ್ ಆಸ್ಪತ್ರೆ’. ಹೆರಿಗೆಗೆಂದು ಅಲ್ಲಿಗೆ ಹೋದ ಹೆಣ್ಣುಮಕ್ಕಳಿಗೆ ಅದನ್ನು ಕಟ್ಟಿಸಿದವರ ಪಂಗಡ ಯಾವುದಾದರೇನು?

ಇದಕ್ಕೂ ಹಿಂದಿನ ಕಥೆಯೊಂದಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ ಕ್ಯಾಥೊಲಿಕರು. ಮಾಂಸ ಬಿಟ್ಟು, ಇಲ್ಲಿಯವರಂತೆ ಬಟ್ಟೆ ಉಟ್ಟು, ಹಳ್ಳಿಗಳಲ್ಲಿ ಸಿಡುಬಿಗೆ ದೇವಿ ಹಾಕಿಸಲು ದುಡಿದರು. ಜನ ಅವರನ್ನು ‘ದೊಡ್ಡಸ್ವಾಮಿ’ ಎಂದರು. ಹಾಗೆಂದು ಅವರ ಧರ್ಮಕ್ಕೆ ಸಾಲುಗಟ್ಟಿ ಸೇರಲಿಲ್ಲ. ಹಿಂದೂಗಳನ್ನು ಮತಾಂತರಿಸುವುದು ಆಗದ ಮಾತು ಎಂದು 1823ರಲ್ಲಿ ಅವರೇ ಬರೆದು ಪ್ರಕಟಿಸಿದರು. ಪಾದ್ರಿಗೆ ಕೈಮುಗಿಯುವುದು, ತನ್ನ ದೇವರನ್ನು ಬಿಡದಿರುವುದು ಎರಡೂ ಹಳ್ಳಿಗೆ ಒಟ್ಟಿಗೇ ಸಾಧ್ಯವಾದವು.

ಹಬ್ಬಗಳಲ್ಲೂ ಈ ಹೊಂದಾಣಿಕೆ ಕಾಣುತ್ತದೆ. ಕ್ಯಾಥೊಲಿಕರು ತೇರು ಎಳೆದರೆ ಸುತ್ತಲಿನ ಊರಿಗೆ ಅದೂ ಒಂದು ಜಾತ್ರೆ. ಸಿಎಸ್‌ಐಯವರಲ್ಲಿ ವಿಗ್ರಹವಿಲ್ಲ, ತೇರಿಲ್ಲ. ಸುಗ್ಗಿಯ ಆರಾಧನೆಗೆ ತಂದ ರಾಗಿ, ಬಾಳೆಗೊನೆ, ತೆಂಗಿನಕಾಯಿಗಳನ್ನು ಹರಾಜು ಕೂಗುತ್ತಾರೆ. ಆಡಳಿತದಲ್ಲೂ ಹೀಗೆಯೇ: ಸಭೆಯ ವ್ಯವಹಾರ ನೋಡಿಕೊಳ್ಳುವ ಹಿರಿಯರ ಸಮಿತಿ ಪ್ರೆಸ್ಬಿಟೇರಿಯನ್ ಪದ್ಧತಿಯ ಜೀವಾಳ. ಊರ ಯಜಮಾನರ ಪಂಚಾಯಿತಿ ಕಂಡವರಿಗೆ ಅದರಲ್ಲಿ ಹೊಸತೇನಿಲ್ಲ.

ಆದರೆ ಎಲ್ಲವೂ ಸಲೀಸಾಗಿಲ್ಲ. ನೆಲದ ಪ್ರಶ್ನೆ ಬಂದಾಗ ನೋಟವೇ ಬದಲಾಗುತ್ತದೆ. ಪಕ್ಕದ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಕ್ರೈಸ್ತರು ತಲೆಮಾರುಗಳಿಂದ ಬಾಳುತ್ತಿದ್ದಾರೆ. ಅಲ್ಲಿನ ಕಪಾಲಬೆಟ್ಟದಲ್ಲಿ 114 ಅಡಿ ಎತ್ತರದ ಯೇಸು ಪ್ರತಿಮೆಗೆ 2019ರ ಡಿಸೆಂಬರ್‌ನಲ್ಲಿ ಶಂಕುಸ್ಥಾಪನೆಯಾಯಿತು. ಮರು ತಿಂಗಳೇ ಕನಕಪುರದಲ್ಲಿ ಅದರ ವಿರುದ್ಧ ದೊಡ್ಡ ಮೆರವಣಿಗೆ ನಡೆಯಿತು. ಬೆಟ್ಟದ ಗೋಮಾಳ ರಾಜ್ಯ ರಾಜಕಾರಣದ ಕಣವಾಯಿತು.

ಮತಾಂತರದ ಗುಮಾನಿ ಇನ್ನೊಂದು. 2022ರ ರಾಜ್ಯ ಕಾಯ್ದೆ ಬಲವಂತ ಮತ್ತು ಆಮಿಷದ ಮತಾಂತರವನ್ನು ಅಪರಾಧವೆಂದಿತು. 2023ರ ಜೂನ್‌ನಲ್ಲಿ ಹೊಸ ಸಂಪುಟ ಅದರ ರದ್ದತಿಗೆ ತೀರ್ಮಾನಿಸಿತು. ಇದರಾಚೆಗೆ ದಲಿತ ಕ್ರೈಸ್ತರ ತೊಡಕಿದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಕ್ರೈಸ್ತರಾದವರಿಗಿಲ್ಲ. ಚರ್ಚಿಗೆ ಹೋದರೂ ಕೇರಿ ಬದಲಾಗದು, ಸವಲತ್ತು ಮಾತ್ರ ತಪ್ಪುತ್ತದೆ.

2011ರ ಜನಗಣತಿಯಂತೆ ರಾಜ್ಯದಲ್ಲಿ ಕ್ರೈಸ್ತರು ಶೇ 1.87, ಮಂಡ್ಯ ಜಿಲ್ಲೆಯಲ್ಲಿ ಶೇ 1ಕ್ಕೂ ಕಡಿಮೆ. ಇಷ್ಟು ಚಿಕ್ಕ ಸಮುದಾಯವನ್ನು ಅಳೆಯಲು ಹಳ್ಳಿ ಬಳಸುವ ಅಳತೆಗೋಲು ಸರಳ: ಕಾಯಿಲೆಯಲ್ಲಿ ಯಾರು ಬಾಗಿಲು ತೆರೆದರು, ಮಕ್ಕಳಿಗೆ ಯಾರು ಅಕ್ಷರ ಕಲಿಸಿದರು? ಚರ್ಚುಗಳು ತಮ್ಮ ಶಾಲೆ, ಆಸ್ಪತ್ರೆಗಳನ್ನು ಬಡವರ ಕೈಗೆಟುಕುವಂತೆ ಉಳಿಸಿಕೊಳ್ಳಲಿ. ಅವುಗಳ ನೆರೆಯವರೂ ಹೊರಗಿನ ಮೈಕಿನ ಮಾತು ಕೇಳುವ ಮೊದಲು ತಾವೇ ಕಂಡದ್ದನ್ನು ನಂಬಲಿ.