ಅಳೆಯಬೇಕಾದದ್ದು ಹಕ್ಕಿಯ ಮೇಲಿನ ಬೆಳಕನ್ನು

ಮಲ್ಪೆಯಂಥ ಮೀನುಗಾರಿಕೆ ಬಂದರಿನ ಮೇಲೆ ಸುತ್ತು ಹಾಕುವ ಗರುಡನನ್ನು ಗಮನಿಸಿ. ತಲೆ, ಕುತ್ತಿಗೆ, ಎದೆ ಅಚ್ಚ ಬಿಳಿ. ಉಳಿದ ಮೈ ಬಹುಪಾಲು ಇಟ್ಟಿಗೆಗೆಂಪು. ಒಂದು ಸುತ್ತು ಮುಗಿಸುವಷ್ಟರಲ್ಲಿ ಅದು ಬಿಳಿಚಿದ ಆಕಾಶದ ಮುಂದೆ, ಕಡುಹಸಿರು ತೆಂಗಿನ ಸಾಲಿನ ಮುಂದೆ, ಫಳಫಳಿಸುವ ನೀರಿನ ಮುಂದೆ ಹಾದುಹೋಗಿರುತ್ತದೆ. ಕ್ಯಾಮೆರಾವನ್ನು ಆಟೊಮ್ಯಾಟಿಕ್ ಎಕ್ಸ್‌ಪೋಷರ್‌ಗೆ ಬಿಟ್ಟು ಈ ಸುತ್ತನ್ನು ಹಿಂಬಾಲಿಸಿದರೆ ಸಿಗುವುದು ಮೂರು ಬೇರೆ ಬೇರೆ ಹಕ್ಕಿಗಳು. ಆಕಾಶದ ಮುಂದಿನ ಗರುಡ ಕಪ್ಪು ನೆರಳಾಗಿರುತ್ತದೆ, ತೆಂಗಿನ ಮುಂದಿನ ಗರುಡನ ತಲೆ ಗರಿಯ ಗುರುತೇ ಇಲ್ಲದ ಬಿಳಿ ಮಚ್ಚೆಯಾಗಿರುತ್ತದೆ, ನೀರಿನ ಮುಂದಿನದು ಮಂಕಾಗಿರುತ್ತದೆ. ಆದರೆ ಆ ಹೊತ್ತಿನಲ್ಲಿ ಗರುಡನ ಮೇಲೆ ಬೀಳುತ್ತಿದ್ದ ಬಿಸಿಲು ಬದಲಾಗಿರಲಿಲ್ಲ. ಬದಲಾದದ್ದು ಹಿನ್ನೆಲೆ ಮಾತ್ರ. ಹಾರುವ ಬೇಟೆಹಕ್ಕಿಗಳ ಚಿತ್ರ ಕೆಡಲು ಬಹುಮಟ್ಟಿಗೆ ಕಾರಣ ಇದೇ. ಆದ್ದರಿಂದ ಎಕ್ಸ್‌ಪೋಷರನ್ನು ಹಕ್ಕಿಯ ಮೇಲಿನ ಬೆಳಕಿಗೆ ಹೊಂದಿಸಿ, ಮ್ಯಾನ್ಯುವಲ್ ಮೋಡ್‌ನಲ್ಲಿ ಕಟ್ಟಿಹಾಕಿ, ಹಿನ್ನೆಲೆ ಏನಾದರೂ ಆಗಲಿ ಎಂದು ಬಿಡುವುದೇ ಸರಿಯಾದ ದಾರಿ.

ಕ್ಯಾಮೆರಾದ ಮೀಟರಿಗೆ ಹಕ್ಕಿಯ ಮೇಲೆ ಎಷ್ಟು ಬೆಳಕು ಬಿದ್ದಿದೆ ಎಂಬುದು ತಿಳಿಯದು. ದೃಶ್ಯದಿಂದ ಪ್ರತಿಫಲಿಸಿ ಲೆನ್ಸ್ ಹೊಕ್ಕ ಬೆಳಕನ್ನಷ್ಟೇ ಅದು ಅಳೆಯುತ್ತದೆ. ಆ ದೃಶ್ಯ ಒಟ್ಟಾರೆ ನಡುಬೂದು ಬಣ್ಣದ್ದು ಎಂದುಕೊಂಡು ಲೆಕ್ಕ ಹಾಕುತ್ತದೆ. ಸಾಮಾನ್ಯ ಚಿತ್ರಗಳಿಗೆ ಈ ಊಹೆ ಸಾಕು. ಹಾರುವ ಹದ್ದಿನ ಚಿತ್ರದಲ್ಲಾದರೋ ಹಕ್ಕಿ ಚೌಕಟ್ಟಿನ ಸಣ್ಣ ಭಾಗ, ಉಳಿದದ್ದೆಲ್ಲ ಆಕಾಶ. ಮೀಟರ್ ಆಕಾಶವನ್ನು ಬೂದಾಗಿಸಲು ಹೊರಟು ಹಕ್ಕಿಯನ್ನು ಕತ್ತಲೆಗೆ ತಳ್ಳುತ್ತದೆ. ಬೆಳ್ಳಗಿನ ಆಕಾಶದೆದುರು ಒಂದರಿಂದ ಎರಡು ಸ್ಟಾಪ್ ಹೆಚ್ಚಿಸಬೇಕಾಗುತ್ತದೆ. ಕತ್ತಲು ಕವಿದ ಕಾಡಿನೆದುರು ಒಂದು ಸ್ಟಾಪ್ ಇಳಿಸಬೇಕಾಗುತ್ತದೆ. ಒಂದೊಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ. ಅಂದರೆ ಈ ಎರಡು ಹಿನ್ನೆಲೆಗಳ ನಡುವೆ ಮೀಟರಿನ ಲೆಕ್ಕ ನಾಲ್ಕರಿಂದ ಎಂಟು ಪಟ್ಟು ಏರುಪೇರಾಗಬಹುದು. ಸ್ಪಾಟ್ ಮೀಟರಿಂಗ್ ಬಳಸಿದರೂ ಕಷ್ಟ ತಪ್ಪದು: ಆ ಪುಟ್ಟ ಬಿಂದು ಒಂದು ಕ್ಷಣ ಗರುಡನ ಬಿಳಿ ಎದೆಯ ಮೇಲಿರುತ್ತದೆ, ಮರುಕ್ಷಣ ಕಂದು ರೆಕ್ಕೆಯ ಮೇಲೆ, ಆಮೇಲೆ ಬರಿಯ ಆಕಾಶದ ಮೇಲೆ.

ಬೆಳಕಿನ ಮೂಲವೇ ನಮಗೆ ದಾರಿ ತೋರಿಸುತ್ತದೆ. ಸೂರ್ಯ ಎಷ್ಟು ದೂರದಲ್ಲಿದ್ದಾನೆಂದರೆ ನೆಲದ ಮೇಲಿನ ಹುಲ್ಲಿಗೂ ನೂರು ಮೀಟರ್ ಎತ್ತರದ ಹದ್ದಿಗೂ ಅವನಿಂದ ಸಿಗುವ ಬಿಸಿಲಿನಲ್ಲಿ ಲೆಕ್ಕಕ್ಕೆ ಬರುವಂಥ ವ್ಯತ್ಯಾಸವಿಲ್ಲ. ಹಾಗಾಗಿ ಹಕ್ಕಿ ಬರುವ ಮೊದಲೇ, ಅದೇ ಬಿಸಿಲಿಗೆ ಒಡ್ಡಿಕೊಂಡ ಹಸಿರು ಹುಲ್ಲಿನ ಮೇಲೆ ಮೀಟರ್ ಮಾಡಿ ಸಿದ್ಧವಾಗಬಹುದು. ಹುಲ್ಲು ಸುಮಾರಾಗಿ ಮೀಟರ್ ಬಯಸುವ ನಡುಬಣ್ಣಕ್ಕೇ ಹತ್ತಿರ. ಫಿಲ್ಮ್ ಕಾಲದ ‘ಸನ್ನಿ 16’ ಸೂತ್ರವೂ ಇದೇ ನಂಬಿಕೆಯ ಮೇಲೆ ನಿಂತದ್ದು: ನಿಚ್ಚಳ ಬಿಸಿಲಿನಲ್ಲಿ ಅಪರ್ಚರ್ ಎಫ್/16 ಇದ್ದರೆ ಶಟರ್ ವೇಗ ಐಎಸ್‌ಒ ಸಂಖ್ಯೆಯ ವಿಲೋಮ. ಅದನ್ನೇ ಹಾರಾಟಕ್ಕೆ ಒಗ್ಗಿಸಿದರೆ ಐಎಸ್‌ಒ 400, ಎಫ್/8, ಸೆಕೆಂಡಿನ 1/1600 ಭಾಗ ಎಂದಾಗುತ್ತದೆ. ಲೆನ್ಸನ್ನು ಎಫ್/5.6ಕ್ಕೆ ತೆರೆದರೆ 1/3200. ತೇಲುವ ಗರುಡನಿಗೆ ಮೊದಲನೆಯ ವೇಗ ಸಾಕು. ಎರಗುವ ಡೇಗೆಗೆ ಎರಡನೆಯದು ಬೇಕು.

ಇದು ಆರಂಭ ಮಾತ್ರ. ಮುಂದಿನ ತಿದ್ದುಪಡಿಯನ್ನು ಹಕ್ಕಿಯ ಬಣ್ಣ ಹೇಳುತ್ತದೆ. ಗರುಡನ ಬಿಳಿ ತಲೆ ಉಳಿಯಬೇಕಾದರೆ ಈ ಲೆಕ್ಕದಿಂದ ಮೂರನೇ ಒಂದು ಅಥವಾ ಮೂರನೇ ಎರಡು ಸ್ಟಾಪ್ ಇಳಿಸುವುದು ಕ್ಷೇಮ. ಮೈಯೆಲ್ಲ ಕಂದಾದ ಹದ್ದಿಗೆ ಅಷ್ಟೇ ಏರಿಸಬಹುದು. 2012ರಲ್ಲಿ ರಣಹದ್ದು ಧಾಮವೆಂದು ಘೋಷಣೆಯಾದ ರಾಮನಗರದ ರಾಮದೇವರಬೆಟ್ಟದಲ್ಲಿ ಕಾಣುವ ಬಿಳಿ ರಣಹದ್ದಿನ ಮೈ ಬೆಳ್ಳಗೆ, ಹಾರುಗರಿಗಳು ಕಪ್ಪು. ಅಲ್ಲಿ ಮೊದಲು ಕಾಯಬೇಕಾದದ್ದು ಬಿಳಿಯನ್ನೇ. ಏಕೆಂದರೆ ಸೆನ್ಸರಿನ ಮಿತಿ ಮೀರಿದ ಬೆಳಕು ತುಂಬಿದ ಕೊಡದ ಮೇಲೆ ಸುರಿದ ನೀರಿನ ಹಾಗೆ, ಮತ್ತೆ ಸಿಗುವುದಿಲ್ಲ. ಕಪ್ಪಿನೊಳಗೆ ಅಡಗಿದ ವಿವರವನ್ನು ಸ್ವಲ್ಪಮಟ್ಟಿಗಾದರೂ ಮೇಲೆತ್ತಬಹುದು. ಒಂದು ಪರೀಕ್ಷಾ ಚಿತ್ರ ತೆಗೆದು ಹಿಸ್ಟೋಗ್ರಾಂನ ಬಲತುದಿಯನ್ನೂ ಮಿನುಗುವ ಎಚ್ಚರಿಕೆಯನ್ನೂ ನೋಡಿದರೆ ಸಾಕು. ಮಿನುಗುವುದು ಆಕಾಶವಾದರೆ ಸಹಿಸಿಕೊಳ್ಳಬಹುದು, ಗರಿಗಳಾದರೆ ಕೂಡದು.

ರೆಕ್ಕೆಯ ಅಡಿಭಾಗದ ಮಾತೇ ಬೇರೆ, ಬೇಟೆಹಕ್ಕಿಗಳ ವಿಷಯದಲ್ಲಿ ಅದೇ ಮುಖ್ಯ ಕೂಡ. ನೆಲದಿಂದ ನೋಡುವವರಿಗೆ ಕಾಣುವುದು ಆ ಭಾಗವೇ. ಜಾತಿ, ವಯಸ್ಸು ಗುರುತಿಸುವ ಪಟ್ಟೆ, ಮಚ್ಚೆಗಳು ಅಲ್ಲೇ ಇರುತ್ತವೆ. ಮರಿ ಗರುಡ ಕಂದುಬಣ್ಣದ್ದು, ಮೇಲುನೋಟಕ್ಕೆ ಹದ್ದಿನಂತೆಯೇ ಕಾಣುತ್ತದೆ. ಹದ್ದಿನ ಕವಲುಬಾಲಕ್ಕೆ ಎದುರಾಗಿ ಅದರ ದುಂಡುಬಾಲ ನೆರಳುಚಿತ್ರದಲ್ಲೂ ತಿಳಿದೀತು. ರೆಕ್ಕೆಯಡಿಯ ತಿಳಿಬಣ್ಣದ ತೇಪೆ ತಿಳಿಯಬೇಕಾದರೆ ಅಲ್ಲಿ ಬೆಳಕು ಬೇಕು. ನಡುಹಗಲಿನಲ್ಲಿ ಸೂರ್ಯ ಹಕ್ಕಿಯ ಬೆನ್ನಿಗಿರುತ್ತಾನೆ, ಅಡಿಭಾಗ ತನ್ನದೇ ನೆರಳಿನಲ್ಲಿ ಮುಳುಗುತ್ತದೆ. ಬೆಳಗಿನ, ಸಂಜೆಯ ಇಳಿಬಿಸಿಲು ಓರೆಯಾಗಿ ಬಂದು ರೆಕ್ಕೆಯಡಿಗೂ ತಲುಪುತ್ತದೆ. ನೀರು, ಮರಳು, ಒಣಹುಲ್ಲು ಕೂಡ ಒಂದಷ್ಟು ಬೆಳಕನ್ನು ಮೇಲಕ್ಕೆ ಚಿಮ್ಮಿಸುತ್ತವೆ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ನಿಲ್ಲುವುದು ಯಾವ ಸೆಟಿಂಗ್‌ಗಿಂತಲೂ ಹೆಚ್ಚಿನ ಕೆಲಸ ಮಾಡುತ್ತದೆ. ಹಕ್ಕಿ ನಮಗೂ ಸೂರ್ಯನಿಗೂ ನಡುವೆ ಹೋದರೆ ನಮಗೆ ಕಾಣುವ ಮಗ್ಗುಲು ನೆರಳಿನದು. ಆಗ ಲೆಕ್ಕವನ್ನು ಬದಲಿಸಬೇಕು, ಇಲ್ಲವೇ ಅದು ಮರಳಿ ಬರುವವರೆಗೆ ಕಾಯಬೇಕು.

ಇದಕ್ಕೆ ಆಕ್ಷೇಪಗಳಿವೆ, ಅವು ಹುರುಳಿಲ್ಲದವೂ ಅಲ್ಲ. ಮೋಡ ಬಂದರೆ ಮ್ಯಾನ್ಯುವಲ್ ಕೈಕೊಡುವುದಿಲ್ಲವೇ? ಕೊಡುತ್ತದೆ. ಆದರೆ ಮೋಡ ಸೂರ್ಯನನ್ನು ಮುಚ್ಚುವುದು ಕಣ್ಣಿಗೆ ಕಾಣುವ ಬದಲಾವಣೆ. ಹೆಚ್ಚಿನ ಕ್ಯಾಮೆರಾಗಳಲ್ಲಿ ಚಕ್ರವನ್ನು ಮೂರು ಹೆಜ್ಜೆ ತಿರುಗಿಸಿದರೆ ಒಂದು ಸ್ಟಾಪ್ ಸರಿಹೋಗುತ್ತದೆ. ಹಿನ್ನೆಲೆಯೋ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಅದನ್ನು ಕಾಂಪೆನ್ಸೇಷನ್ ಗುಂಡಿಯಿಂದ ಬೆನ್ನಟ್ಟುವುದು ಬೆರಳಿಗೆ ಮೀರಿದ ಕೆಲಸ. ಎರಡರಲ್ಲಿ ನಿಧಾನವಾಗಿ ಬದಲಾಗುವುದನ್ನು ನಾವು ನೋಡಿಕೊಳ್ಳುವುದು ಜಾಣತನ. ಕಬಿನಿಯಂಥ ಕಾಡಿನಂಚಿನಲ್ಲಿ ಬಿಸಿಲು ನೆರಳುಗಳ ನಡುವೆ ನುಗ್ಗುವ ಗಿಡುಗನ ಮೇಲಿನ ಬೆಳಕೇ ಬದಲಾಗುತ್ತಿರುತ್ತದೆ. ಅಲ್ಲಿ ಆಟೊ ಐಎಸ್‌ಒ ನ್ಯಾಯವಾದ ಆಯ್ಕೆ. ಬಯಲಿನಲ್ಲಿ ಮಾತ್ರ ಹಾಗಲ್ಲ. ಮ್ಯಾನ್ಯುವಲ್ ಇಟ್ಟು ಐಎಸ್‌ಒ ಆಟೊಗೆ ಬಿಟ್ಟರೆ ತೀರ್ಮಾನ ಪುನಃ ಮೀಟರಿನ ಕೈಗೇ ಹೋಗುತ್ತದೆ.

ರಾ ಫೈಲ್ ಇದೆಯಲ್ಲ, ಆಮೇಲೆ ಸರಿಪಡಿಸಿದರಾಯಿತು ಎಂಬ ಮಾತೂ ಇದೆ. ರಾ ಫೈಲಿಗೆ ನಿಜವಾಗಿ ಹೆಚ್ಚಿನ ತಾಳಿಕೆಯಿದೆ. ಆದರೂ ಎರಡು ಮೂರು ಸ್ಟಾಪ್ ಮೇಲೆತ್ತಿದ ನೆರಳಿನಲ್ಲಿ ಗರಿಗಳ ಬದಲು ಕಾಳುಕಾಳಾದ ನಾಯ್ಸ್ ಎದ್ದುಬರುತ್ತದೆ, ಸುಟ್ಟ ಬಿಳಿಯಂತೂ ಮರಳುವುದಿಲ್ಲ. ಹಕ್ಕಿಯನ್ನು ತಾನೇ ಗುರುತಿಸಿ ಫೋಕಸ್ ಮಾಡುವ ಇಂದಿನ ಮಿರರ್‌ಲೆಸ್ ಕ್ಯಾಮೆರಾಗಳು ದೊಡ್ಡ ನೆರವು ನಿಜ. ಅವು ಎಕ್ಸ್‌ಪೋಷರಿನ ಫಲವನ್ನು ಕ್ಲಿಕ್ಕಿಸುವ ಮೊದಲೇ ವ್ಯೂಫೈಂಡರಿನಲ್ಲಿ ತೋರಿಸುತ್ತವೆ. ಅದು ಮ್ಯಾನ್ಯುವಲ್ ವಿಧಾನವನ್ನು ಸುಲಭಗೊಳಿಸಿದೆಯೇ ಹೊರತು ಅನಗತ್ಯವಾಗಿಸಿಲ್ಲ.

ಹೊಸಬರಿಗೆ ಮ್ಯಾನ್ಯುವಲ್ ಕಠಿಣವೆಂಬ ಅಳುಕು ಇರುತ್ತದೆ. ವಾಸ್ತವದಲ್ಲಿ ಅದು ಕೆಲಸವನ್ನು ಹಗುರ ಮಾಡುತ್ತದೆ. ಬೆಳಕಿನ ಲೆಕ್ಕ ಮೊದಲೇ ಮುಗಿದಿದ್ದರೆ ಹಕ್ಕಿ ಬಂದಾಗ ಅದರ ಚಲನೆ, ರೆಕ್ಕೆಯ ಭಂಗಿ, ಫೋಕಸ್ ಇಷ್ಟಕ್ಕೇ ಮನಸ್ಸು ಕೊಡಬಹುದು. ಬೇಟೆಹಕ್ಕಿಯ ಚಿತ್ರ ಅಂದದ ವಸ್ತುವಷ್ಟೇ ಅಲ್ಲ, ಅದು ದಾಖಲೆಯೂ ಹೌದು. ಯಾವ ಹಕ್ಕಿ, ಎಳೆಯದೋ ಬಲಿತದ್ದೋ, ಗರಿಗಳು ಆರೋಗ್ಯವಾಗಿವೆಯೋ ಎಂಬುದನ್ನು ಆ ಚಿತ್ರ ಇನ್ನೊಬ್ಬರಿಗೆ ಹೇಳಬಲ್ಲದು. ಅದಕ್ಕಾಗಿ ಹಕ್ಕಿಯ ಮೇಲೆ ಬಿದ್ದ ಬೆಳಕನ್ನು ಮೊದಲೇ ಓದಿಟ್ಟುಕೊಳ್ಳುವ ಅಭ್ಯಾಸ ಬೇಕು. ದುಬಾರಿ ಲೆನ್ಸ್ ಇಲ್ಲದವರೂ ಅದನ್ನು ಇಂದೇ ಕಲಿಯತೊಡಗಬಹುದು.