ಶಾಲೆಯ ಸುದ್ದಿ ಮನೆಗೆ ತಲುಪಬೇಕು
(6ರಿಂದ 8ನೇ ತರಗತಿಯ ಮಕ್ಕಳ ಪೋಷಕರಿಗೂ ನಮ್ಮ ದಾನಿಗಳಿಗೂ ಕೆಲವು ಮಾತು)



ನಮ್ಮ ಟ್ರಸ್ಟಿನಿಂದ ಸಹಾಯ ಪಡೆಯುವ ಮಕ್ಕಳಲ್ಲಿ ಹೆಚ್ಚಿನವರು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ, ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ, ಓದುವವರು. ಮೂವತ್ತಕ್ಕೂ ಹೆಚ್ಚು ವರ್ಷ ಇಂಥ ಶಾಲೆಗಳಲ್ಲೇ ಪಾಠ ಮಾಡಿ ನಿವೃತ್ತಳಾದ ನನಗೆ ಈ ವರದಿಯಲ್ಲಿ ಒಂದು ವಿಷಯ ಬರೆಯಲು ಟ್ರಸ್ಟಿನ ಹಿರಿಯರು ಹೇಳಿದರು. ಶಾಲೆಯೊಳಗೆ ಏನು ನಡೆಯುತ್ತಿದೆ ಎಂಬ ಸುದ್ದಿ ಮನೆಗೆ ಹೇಗೆ ತಲುಪಬೇಕು, ತಲುಪದಿದ್ದರೆ ಮಗುವಿಗೆ ಏನು ನಷ್ಟ ಎಂಬುದನ್ನೇ ಆರಿಸಿಕೊಂಡಿದ್ದೇನೆ. ಫೀಸು, ಪುಸ್ತಕ, ಬ್ಯಾಗಿನಷ್ಟೇ ಇದೂ ಮುಖ್ಯ ಎಂಬುದು ನನ್ನ ಅನುಭವ.

ಈ ಮೂರು ತರಗತಿಗಳೇ ಏಕೆ?

ಒಂದನೇ ತರಗತಿಯ ಮಗುವನ್ನು ತಾಯಿ ಕೈಹಿಡಿದು ಶಾಲೆಗೆ ಬಿಡುತ್ತಾಳೆ, ಬಾಗಿಲಲ್ಲೇ ಟೀಚರ ಜೊತೆ ಎರಡು ಮಾತಾಡುತ್ತಾಳೆ. ಆರನೇ ತರಗತಿಗೆ ಬಂದ ಮಗು ತಾನೇ ಹೋಗಿ ಬರುತ್ತದೆ. ಅಲ್ಲಿಗೆ ಆ ಎರಡು ಮಾತೂ ನಿಲ್ಲುತ್ತದೆ. ಅದೇ ಹೊತ್ತಿಗೆ ಶಾಲೆಯಲ್ಲಿ ಪಾಠ ಭಾರವಾಗುತ್ತದೆ: ಮೂರನೇ ಭಾಷೆ ಸೇರುತ್ತದೆ, ವಿಜ್ಞಾನ ಮತ್ತು ಸಮಾಜ ವಿಜ್ಞಾನ ಬೇರೆ ಬೇರೆ ಪುಸ್ತಕವಾಗುತ್ತವೆ, ಗಣಿತದಲ್ಲಿ ಬೀಜಗಣಿತ ಶುರುವಾಗುತ್ತದೆ. ಹುಡುಗ ದುಡಿಯುವಷ್ಟು ದೊಡ್ಡವನಾಗಿ ಕಾಣುತ್ತಾನೆ, ಹುಡುಗಿ ಮನೆಗೆಲಸಕ್ಕೆ ಒದಗುವಷ್ಟು ಬೆಳೆದಿರುತ್ತಾಳೆ.

ಇನ್ನೊಂದು ಕಾರಣವೂ ಇದೆ. ನಮ್ಮ ರಾಜ್ಯದಲ್ಲಿ ಕೆಲವು ಹಿರಿಯ ಪ್ರಾಥಮಿಕ ಶಾಲೆಗಳು 7ನೇ ತರಗತಿಗೆ ಮುಗಿಯುತ್ತವೆ, ಕೆಲವು 8ನೇ ತರಗತಿಗೆ. ಅಲ್ಲಿಂದ ಪ್ರೌಢಶಾಲೆಗೆ ಹೋಗಬೇಕು. ಪ್ರೌಢಶಾಲೆ ಬೇರೆ ಬಡಾವಣೆಯಲ್ಲಿರಬಹುದು, ಬಸ್ಸು ಹತ್ತಬೇಕಾಗಬಹುದು, ಉರ್ದು ಮಾಧ್ಯಮದ ಮಗು ಕನ್ನಡ ಮಾಧ್ಯಮಕ್ಕೆ ಬದಲಾಗಬೇಕಾಗಬಹುದು. ಶಾಲೆ ಬಿಡುವ ಮಕ್ಕಳು ಹೆಚ್ಚಾಗಿ ಈ ದಾಟುವಿಕೆಯಲ್ಲೇ ಬಿಡುತ್ತಾರೆ. ಒಂದೇ ದಿನ ಬಿಡುವವರು ಕಡಿಮೆ. ಮೊದಲು ತಿಂಗಳಿಗೆ ನಾಲ್ಕು ದಿನ, ಆಮೇಲೆ ಎಂಟು ದಿನ, ಬೇಸಿಗೆ ರಜೆ ಮುಗಿದ ಮೇಲೆ ಬರುವುದೇ ಇಲ್ಲ. ಮನೆಗೂ ಶಾಲೆಗೂ ಮಾತು ನಡೆಯುತ್ತಿದ್ದರೆ ನಾಲ್ಕು ದಿನದ ಹಂತದಲ್ಲೇ ತಡೆಯಬಹುದು.

ಕಾನೂನು ಏನು ಹೇಳುತ್ತದೆ?

ಶಾಲೆಗೆ ಹೋಗಿ ಕೇಳಿದರೆ ಟೀಚರು ಬೇಸರ ಮಾಡಿಕೊಳ್ಳುತ್ತಾರೇನೋ ಎಂದು ಅಂಜುವ ತಾಯಂದಿರು ಬಹಳ. ಕೇಳುವುದು ನಿಮ್ಮ ಹಕ್ಕು. ಶಿಕ್ಷಣ ಹಕ್ಕು ಕಾಯ್ದೆ, 2009ರ 24ನೇ ಕಲಮಿನಲ್ಲಿ ಶಿಕ್ಷಕರ ಕರ್ತವ್ಯಗಳ ಪಟ್ಟಿ ಇದೆ. ಪೋಷಕರ ಸಭೆಯನ್ನು ನಿಯಮಿತವಾಗಿ ನಡೆಸಬೇಕು. ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ ಇವುಗಳನ್ನು ಪೋಷಕರಿಗೆ ತಿಳಿಸಬೇಕು ಎಂಬುದು ಅದರಲ್ಲಿ ಒಂದು. ಪಾಠ ಮಾಡುವುದು ಹೇಗೆ ಕರ್ತವ್ಯವೋ ಇದೂ ಹಾಗೆಯೇ.

ಅದೇ ಕಾಯ್ದೆಯ 21ನೇ ಕಲಮಿನ ಪ್ರಕಾರ ಪ್ರತಿ ಸರ್ಕಾರಿ ಶಾಲೆಗೂ ಒಂದು ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಮುಕ್ಕಾಲು ಭಾಗ ಮಕ್ಕಳ ಪೋಷಕರೇ ಆಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಕರ್ನಾಟಕದಲ್ಲಿ ಕಾಯ್ದೆ ಬರುವುದಕ್ಕೂ ಮೊದಲೇ, 2001ರಿಂದಲೇ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಇದೆ. ಶಾಲೆಗೆ ಬಂದ ಹಣ ಎಷ್ಟು, ಬಿಸಿಯೂಟ ಹೇಗಿದೆ, ಶೌಚಾಲಯಕ್ಕೆ ನೀರಿದೆಯೇ ಎಂದು ಕೇಳುವ ಜಾಗ ಅದು. ನಮ್ಮ ತಾಯಂದಿರು ಸದಸ್ಯರಾಗಿದ್ದರೂ ಎಷ್ಟೋ ಕಡೆ ಸಹಿ ಮಾಡಿ ಬರುವುದಷ್ಟೇ ನಡೆಯುತ್ತದೆ. ಸಹಿಗೆ ಮೊದಲು ನಡಾವಳಿಯನ್ನು ಓದಿ ಹೇಳಲು ಕೇಳಿ. ಯಾರೂ ಇಲ್ಲವೆನ್ನುವುದಿಲ್ಲ.

ಸುದ್ದಿ ಎಲ್ಲಿ ನಿಲ್ಲುತ್ತದೆ?

ಈಗ ಹೆಚ್ಚಿನ ಶಾಲೆಗಳಲ್ಲಿ ತರಗತಿಗೊಂದು ವಾಟ್ಸಾಪ್ ಗ್ರೂಪ್ ಇದೆ. ಆದರೂ ಸುದ್ದಿ ಮುಟ್ಟುವುದಿಲ್ಲ. ಕಾರಣಗಳು ಸಣ್ಣವು.

ಮೊದಲನೆಯದು ಫೋನ್ ಯಾರದು ಎಂಬುದು. ದಾಖಲಾತಿ ಪುಸ್ತಕದಲ್ಲಿರುವುದು ತಂದೆಯ ನಂಬರು. ತಂದೆ ಲಾರಿಯ ಮೇಲಿರುತ್ತಾರೆ, ಇಲ್ಲವೇ ಬೆಂಗಳೂರಿನಲ್ಲೋ ಗಲ್ಫಿನಲ್ಲೋ ದುಡಿಯುತ್ತಿರುತ್ತಾರೆ. ಮಗುವನ್ನು ಎಬ್ಬಿಸಿ ಶಾಲೆಗೆ ಕಳಿಸುವ ತಾಯಿಗೆ ಮೆಸೇಜು ಬರುವುದೇ ಇಲ್ಲ. ಎಷ್ಟೋ ಮನೆಗಳಲ್ಲಿ ಸಿಮ್ಮು ಬದಲಾಗಿ ವರ್ಷವಾಗಿರುತ್ತದೆ, ಶಾಲೆಯಲ್ಲಿ ಹಳೆಯ ನಂಬರೇ ಇರುತ್ತದೆ.

ಎರಡನೆಯದು ಭಾಷೆ. ಮನೆಯಲ್ಲಿ ದಖ್ಖನಿ ಅಥವಾ ಬ್ಯಾರಿ ಮಾತಾಡುವ ತಾಯಿಗೆ ಕನ್ನಡ ಕೇಳಿದರೆ ಚೆನ್ನಾಗಿಯೇ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಇಲಾಖೆಯ ಸುತ್ತೋಲೆಯ ಫೋಟೋ ತೆಗೆದು ಗ್ರೂಪಿಗೆ ಹಾಕಿದರೆ ಅವರಿಗೆ ಉಪಯೋಗವಿಲ್ಲ. ಅದನ್ನೇ ಶಿಕ್ಷಕರು ಅರ್ಧ ನಿಮಿಷದ ಧ್ವನಿ ಸಂದೇಶ ಮಾಡಿ ಹಾಕಿದರೆ, ಅಡುಗೆ ಮಾಡುತ್ತಲೇ ಕೇಳಿಸಿಕೊಳ್ಳುತ್ತಾರೆ.

ಮೂರನೆಯದು ಭಯ. ಶಾಲೆಯಿಂದ ಕರೆ ಬಂದರೆ ಅದು ದೂರೇ ಇರಬೇಕು ಎಂದು ಮನೆಯವರು ತಿಳಿಯುತ್ತಾರೆ. ಮಗು ತಪ್ಪು ಮಾಡಿದಾಗ ಮಾತ್ರ ಶಾಲೆ ಕರೆಯುತ್ತಿದ್ದರೆ ಹಾಗೆ ತಿಳಿಯುವುದು ಸಹಜ. ಜೂನ್ ತಿಂಗಳಲ್ಲೇ ಒಮ್ಮೆ ಕರೆದು, "ನಿಮ್ಮ ಮಗಳು ಲೆಕ್ಕದಲ್ಲಿ ಚುರುಕು, ಕನ್ನಡ ಗಟ್ಟಿಯಾಗಿ ಓದಿಸಿ" ಎಂದು ಹೇಳಿದರೆ, ನವೆಂಬರಿನಲ್ಲಿ ಗೈರುಹಾಜರಿಯ ಬಗ್ಗೆ ಕರೆದಾಗಲೂ ಅವರು ಹಿಂಜರಿಯದೆ ಬರುತ್ತಾರೆ.

ಸುದ್ದಿ ಬಾರದ ಜಾಗವನ್ನು ಗಾಳಿಸುದ್ದಿ ತುಂಬುತ್ತದೆ. 2023 ಮತ್ತು 2024ರಲ್ಲಿ 5 ಮತ್ತು 8ನೇ ತರಗತಿಯ ಮೌಲ್ಯಾಂಕನ ಪರೀಕ್ಷೆಯ ವಿಷಯ ನ್ಯಾಯಾಲಯದ ಮೆಟ್ಟಿಲೇರಿತ್ತು. ಪರೀಕ್ಷೆ ಇದೆ, ಇಲ್ಲ, ಫೇಲಾದರೆ ಕೂರಿಸುತ್ತಾರೆ ಎಂದು ಮೊಬೈಲಿನಲ್ಲಿ ದಿನಕ್ಕೊಂದು ಮಾತು ಓಡಾಡಿತು. ಪರೀಕ್ಷೆಗೆ ಹೆದರಿ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವುದಕ್ಕೆ ಮೊದಲು ಮುಖ್ಯೋಪಾಧ್ಯಾಯರನ್ನು ಕೇಳಿದರೆ ಎರಡು ನಿಮಿಷದಲ್ಲಿ ಸಂಗತಿ ಗೊತ್ತಾಗುತ್ತದೆ.

ಪೋಷಕರು ಕೇಳಿ ತಿಳಿಯಬೇಕಾದ ಐದು ವಿಷಯ

1. ಹಾಜರಿ. ಕಾಯ್ದೆಯ ಪ್ರಕಾರ 6ರಿಂದ 8ನೇ ತರಗತಿಗೆ ವರ್ಷಕ್ಕೆ ಕನಿಷ್ಠ 220 ದಿನ ಶಾಲೆ ನಡೆಯಬೇಕು. ನಿಮ್ಮ ಮಗು ಈ ತಿಂಗಳು ಎಷ್ಟು ದಿನ ಬಂತು ಎಂದು ಕೇಳಿ. ಎಷ್ಟು ದಿನ ಎಂಬುದರ ಜೊತೆ ಯಾವ ದಿನ ಎಂಬುದನ್ನೂ ನೋಡಿ. ಹಾಜರಿ ಪುಸ್ತಕದಲ್ಲಿ ಒಬ್ಬ ಹುಡುಗ ಪ್ರತಿ ಮಂಗಳವಾರ ಗೈರು. ವಿಚಾರಿಸಿದರೆ ಅದು ಸಂತೆಯ ದಿನ, ಹಣ್ಣಿನ ಗಾಡಿಯ ಬಳಿ ಕೂರುತ್ತಿದ್ದ. ವಾರಕ್ಕೆ ಒಂದೇ ದಿನ ತಾನೇ ಎಂದು ಮನೆಯವರು ತಿಳಿದಿದ್ದರು. ವರ್ಷಕ್ಕೆ ನಲವತ್ತು ದಿನವಾಗುತ್ತದೆ ಎಂದು ಲೆಕ್ಕ ತೋರಿಸಿದ ಮೇಲೆ ಶಾಲೆ ಬಿಟ್ಟ ನಂತರ ಗಾಡಿಗೆ ಬರಲಿ ಎಂದು ತಂದೆಯೇ ಹೇಳಿದರು. ಹೆಣ್ಣುಮಕ್ಕಳು ಪ್ರತಿ ತಿಂಗಳೂ ಮೂರು-ನಾಲ್ಕು ದಿನ ತಪ್ಪಿಸುತ್ತಿದ್ದರೆ ಕಾರಣವನ್ನು ಶಿಕ್ಷಕಿಯೊಬ್ಬರ ಬಳಿ ತಾಯಿ ಮಾತಾಡಬೇಕು. ಶೌಚಾಲಯಕ್ಕೆ ಚಿಲಕವಿಲ್ಲ, ನೀರಿಲ್ಲ ಎಂಬಷ್ಟೇ ಕಾರಣವಿರಬಹುದು. ಅದು ಎಸ್‌ಡಿಎಂಸಿ ಸರಿಪಡಿಸಬಹುದಾದ ಸಂಗತಿ. ಈಚಿನ ವರ್ಷಗಳಲ್ಲಿ ರಂಜಾನ್ ಫೆಬ್ರವರಿ-ಮಾರ್ಚಿನಲ್ಲಿ ಬರುತ್ತಿರುವುದರಿಂದ ವರ್ಷಾಂತ್ಯದ ಪರೀಕ್ಷೆಯ ದಿನಗಳನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

2. ಕಲಿಕೆ. ವರ್ಷದಲ್ಲಿ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ ನಡೆಯುತ್ತವೆ. ಎಫ್‌ಎ, ಎಸ್‌ಎ ಎಂದು ಮಕ್ಕಳು ಹೇಳುವುದು ಇದನ್ನೇ. ಪ್ರಗತಿ ಪತ್ರದ ಮೇಲೆ ಸಹಿ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿ: "ನನ್ನ ಮಗು ತನ್ನ ತರಗತಿಯ ಪುಸ್ತಕವನ್ನು ತಾನೇ ಓದುತ್ತದೆಯೇ? ಭಾಗಾಕಾರ ಮಾಡುತ್ತದೆಯೇ?" ಗ್ರೇಡಿಗಿಂತ ಈ ಉತ್ತರ ಮುಖ್ಯ. ನೀವು ಓದು ಬಾರದವರಾದರೂ ಮಗುವಿನಿಂದ ದಿನಕ್ಕೊಂದು ಪುಟ ಗಟ್ಟಿಯಾಗಿ ಓದಿಸಬಹುದು. ತಡವರಿಸುವುದು ಕಿವಿಗೇ ತಿಳಿಯುತ್ತದೆ.

3. ಊಟ, ಆರೋಗ್ಯ. ಬಿಸಿಯೂಟ, ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಯಾವ ದಿನ ಕೊಡುತ್ತಾರೆ, ಮಗು ತಿನ್ನುತ್ತದೆಯೇ ಎಂದು ಕೇಳಿ. ಕಬ್ಬಿಣಾಂಶದ ಮಾತ್ರೆ ವಾರಕ್ಕೊಮ್ಮೆ, ಜಂತುಹುಳು ಮಾತ್ರೆ ವರ್ಷಕ್ಕೆರಡು ಬಾರಿ ಕೊಡುತ್ತಾರೆ. ಮುಂಚಿತವಾಗಿ ತಿಳಿಸದೆ ಕೊಟ್ಟರೆ ಮನೆಯಲ್ಲಿ ಗಾಬರಿ. ಆ ದಿನ ಮಗುವನ್ನು ಕಳಿಸದವರೂ ಇದ್ದಾರೆ. ಏಕೆ ಕೊಡುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ. ಕಣ್ಣು ಮಂಜು, ಮೂರ್ಛೆ, ಉಬ್ಬಸ ಇದ್ದರೆ ನೀವೂ ಶಾಲೆಗೆ ತಿಳಿಸಬೇಕು.

4. ದಾಖಲೆ. ವಿದ್ಯಾರ್ಥಿವೇತನದ ಅರ್ಜಿಗಳು ನಿಲ್ಲುವುದು ಹೆಚ್ಚಾಗಿ ಇಲ್ಲಿ. ಶಾಲೆಯಲ್ಲಿ "ಮಹಮ್ಮದ್", ಆಧಾರಿನಲ್ಲಿ "ಮೊಹಮ್ಮದ್", ಬ್ಯಾಂಕಿನಲ್ಲಿ "ಎಂ.ಡಿ.", ಹುಡುಗಿಯ ಹೆಸರಿನ ಮುಂದೆ ಒಂದು ಕಡೆ "ಬಾನು", ಇನ್ನೊಂದು ಕಡೆ "ಬೇಗಂ". ಕಂಪ್ಯೂಟರಿಗೆ ಇವರು ಬೇರೆ ಬೇರೆ ಮಕ್ಕಳು. ದಾಖಲಾತಿ ಪುಸ್ತಕದ ಹೆಸರು, ಹುಟ್ಟಿದ ದಿನ, ಸ್ಯಾಟ್ಸ್ ಸಂಖ್ಯೆ ಇವನ್ನು ಬರೆದುಕೊಂಡು ಬಂದು ಆಧಾರಿನೊಂದಿಗೆ ತಾಳೆ ನೋಡಿ. ತಪ್ಪಿದ್ದರೆ ಈಗಲೇ ಸರಿಪಡಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಮೇಲೆ ಅದು ಬಹಳ ಕಷ್ಟ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿ ಆರ್‌ಡಿ ಸಂಖ್ಯೆ ಜೋಪಾನವಾಗಿಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ, ಖಾತೆ ಚಾಲ್ತಿಯಲ್ಲಿದೆಯೇ ವಿಚಾರಿಸಿ.

5. ಮುಂದಿನ ದಾರಿ. ಏಳನೇ ತರಗತಿಯ ಅರ್ಧವಾರ್ಷಿಕ ರಜೆಯೊಳಗೇ ಮುಂದಿನ ಶಾಲೆ ಯಾವುದೆಂದು ಕೇಳಿ. ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಮನೆಯಲ್ಲಿ ಕೂರಿಸಬೇಡಿ. 8ನೇ ತರಗತಿಯವರೆಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರುವಾಗ ಟಿ.ಸಿ. ತಡವಾಯಿತು ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಕಾಯ್ದೆಯ 5ನೇ ಕಲಂ ಹೇಳುತ್ತದೆ. ಐದನೇ ತರಗತಿಯ ತಮ್ಮ-ತಂಗಿ ಇದ್ದರೆ, 6ನೇ ತರಗತಿಗೆ ಸೇರಿಸಿಕೊಳ್ಳುವ ಅಲ್ಪಸಂಖ್ಯಾತರ ಮೊರಾರ್ಜಿ ದೇಸಾಯಿ ವಸತಿ ಶಾಲೆ ಮತ್ತು ಮೌಲಾನಾ ಆಜಾದ್ ಮಾದರಿ ಶಾಲೆಗಳ ಅರ್ಜಿ ದಿನಾಂಕವನ್ನೂ ಕೇಳಿಡಿ.

ತಿಳಿಯದೆ ತಪ್ಪಿಹೋಗುವ ಹಣ

ಕೇಂದ್ರ ಸರ್ಕಾರದ ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಮೊದಲು 1ನೇ ತರಗತಿಯಿಂದಲೇ ಇತ್ತು. 2022-23ರಿಂದ ಅದು 9 ಮತ್ತು 10ನೇ ತರಗತಿಗೆ ಮಾತ್ರ ಎಂದಾಯಿತು. ಹೀಗಾಗಿ 6ರಿಂದ 8ರ ಮಕ್ಕಳಿಗೆ ನಮ್ಮಂಥ ಟ್ರಸ್ಟುಗಳ ನೆರವಿನ ಅಗತ್ಯ ಹೆಚ್ಚಿದೆ. ರಾಜ್ಯದ ಯೋಜನೆಗಳ ಬಗ್ಗೆ ಪ್ರತಿ ವರ್ಷ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಆದರೆ 8ನೇ ತರಗತಿಯವರಿಗೆ ದೊಡ್ಡ ಅವಕಾಶವೊಂದಿದೆ. ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನ, ಅಂದರೆ ಎನ್‌ಎಂಎಂಎಸ್. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ ಇದು. ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು, 7ನೇ ತರಗತಿಯಲ್ಲಿ ಶೇ. 55 ಅಂಕ ಇರಬೇಕು. ಪರೀಕ್ಷೆಯಲ್ಲಿ ಬೌದ್ಧಿಕ ಸಾಮರ್ಥ್ಯಕ್ಕೆ 90, ಪಠ್ಯವಿಷಯಗಳಿಗೆ 90 ಪ್ರಶ್ನೆ. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಹತ್ತನೇ ತರಗತಿಯ ನಂತರ ಹುಡುಗಿಯನ್ನು ಕಾಲೇಜಿಗೆ ಕಳಿಸಬೇಕೋ ಬೇಡವೋ ಎಂದು ಮನೆಯಲ್ಲಿ ಮಾತು ಬಂದಾಗ ಈ ಹಣ ಅವಳ ಪರವಾಗಿ ನಿಲ್ಲುತ್ತದೆ. ಅರ್ಹ ಮಗು ಅರ್ಜಿಯನ್ನೇ ಹಾಕದಿರಲು ಕಾರಣ ಬಹಳ ಸಲ ಒಂದೇ: ಮನೆಯವರಿಗೆ ಗೊತ್ತಿರಲಿಲ್ಲ.

ದಾನಿಗಳಲ್ಲಿ ವಿನಂತಿ

ನೀವು ಕೊಡುವ ಹಣದಿಂದ ಪುಸ್ತಕ, ಸಮವಸ್ತ್ರ, ಬಸ್ ಪಾಸು ಆಗುತ್ತದೆ. ಇದರ ಜೊತೆ ಹೆಚ್ಚು ಖರ್ಚಿಲ್ಲದ ಮೂರು ಕೆಲಸಗಳಿವೆ. ಮೊಹಲ್ಲಾದಲ್ಲಿ ತಿಂಗಳಿಗೊಂದು ಸಂಜೆ ಓದುಬರಹ ಬಲ್ಲ ಒಬ್ಬ ಯುವಕ, ಒಬ್ಬ ಯುವತಿ ಕುಳಿತು ಶಾಲೆಯ ನೋಟಿಸುಗಳನ್ನು ಓದಿ ಹೇಳುವುದು, ಅರ್ಜಿ ತುಂಬಿಸುವುದು. ಪೋಷಕರ ಸಭೆಯನ್ನು ಕೂಲಿ ತಪ್ಪದ ಹೊತ್ತಿಗೆ ಇಡುವಂತೆ ಶಾಲೆಗೆ ಕೇಳಿಕೊಳ್ಳುವುದು. ಬೀಡಿ ಕಟ್ಟುವ, ಹೊಲಿಯುವ ತಾಯಿಗೆ ಅರ್ಧ ದಿನದ ಕೂಲಿ ಸಣ್ಣದಲ್ಲ. ಮುಖ್ಯ ಸೂಚನೆಗಳನ್ನು ಕನ್ನಡದ ಜೊತೆ ಉರ್ದುವಿನಲ್ಲೂ ಅಂಟಿಸುವುದು.

ಮಕ್ಕಳ ಅಂಕಪಟ್ಟಿಯನ್ನಾಗಲಿ, ನೆರವು ಪಡೆಯುವ ಫೋಟೋವನ್ನಾಗಲಿ ಗ್ರೂಪುಗಳಲ್ಲಿ ಹಾಕದಿರೋಣ. ಹನ್ನೆರಡು-ಹದಿಮೂರರ ಮಗುವಿಗೆ ಮಾನ ದೊಡ್ಡದು. ಆ ಮಗುವಿನ ಸುದ್ದಿ ಅದರ ಮನೆಯವರಿಗೆ ಮಾತ್ರ ಸೇರಿದ್ದು.

ಅರ್ಜಿ ಹಾಕುವ ಕುಟುಂಬಗಳಿಗೆ

ಈ ವರ್ಷದ ಅರ್ಜಿಯ ಜೊತೆ ಪ್ರಗತಿ ಪತ್ರದ ಪ್ರತಿ, ಹಿಂದಿನ ವರ್ಷದ ಹಾಜರಿ ದಿನಗಳ ವಿವರ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಆದಾಯ ಪ್ರಮಾಣಪತ್ರ ಲಗತ್ತಿಸಿ. ತಂದೆ ಮತ್ತು ತಾಯಿ ಇಬ್ಬರ ಫೋನ್ ನಂಬರು ಬರೆಯಿರಿ. ತಾಯಿಗೆ ಫೋನಿಲ್ಲದಿದ್ದರೆ ಅಕ್ಕಪಕ್ಕದ ಮನೆಯವರದ್ದು ಬರೆಯಿರಿ. ಅದೇ ಎರಡು ನಂಬರುಗಳನ್ನು ಶಾಲೆಯಲ್ಲೂ ಬರೆಸಿ ಬನ್ನಿ. ಹಾಜರಿ ಕಡಿಮೆ ಇದ್ದ ಮಾತ್ರಕ್ಕೆ ಅರ್ಜಿಯನ್ನು ತಳ್ಳಿಹಾಕುವುದಿಲ್ಲ. ಕಾರಣವನ್ನು ತಿಳಿಸಿ, ಏನು ಮಾಡಬಹುದೆಂದು ಕೂತು ಮಾತಾಡೋಣ. ಅರ್ಜಿ ತುಂಬಲು ಕಷ್ಟವಾದವರು ಟ್ರಸ್ಟಿನ ಕಚೇರಿಗೆ ಮಗುವನ್ನೂ ಕರೆದುಕೊಂಡು ಬನ್ನಿ. ತನ್ನ ಹೆಸರನ್ನು, ಹುಟ್ಟಿದ ದಿನವನ್ನು ಮಗುವೇ ತುಂಬಲಿ, ನಾವು ಪಕ್ಕದಲ್ಲಿ ಕುಳಿತು ನೋಡುತ್ತೇವೆ.

— ಒಬ್ಬ ನಿವೃತ್ತ ಶಿಕ್ಷಕಿ, ಬಿ.ಎಡ್.