ಶಿಬಿರದ ನಲ್ಲಿ: ಎಲ್ಲಿ ಹಾಕಬೇಕು? ಹೇಗೆ ನೋಡಿಕೊಳ್ಳಬೇಕು?



ಈ ವರ್ಷವೂ ನಮ್ಮ ಶಾಲೆಯ ಮೈದಾನದಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರ ನಡೆಯಲಿದೆ. ಡೇರೆ ಹಾಕುವುದು, ಗಂಟು ಹಾಕುವುದು, ಶಿಬಿರಾಗ್ನಿ ಇವುಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಲ್ಲಿಯ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ. ಹೋದ ವರ್ಷದ ಶಿಬಿರದಲ್ಲಿ ಮೂರನೇ ದಿನ ಏಳು ಮಕ್ಕಳಿಗೆ ವಾಂತಿ ಭೇದಿ ಆಯಿತು. ಅವರಲ್ಲಿ ನನ್ನ ತಂಗಿಯೂ ಒಬ್ಬಳು. ಅದಕ್ಕೇ ಈ ಲೇಖನ ಬರೆದಿದ್ದೇನೆ.

ತಪ್ಪು ಎಲ್ಲಾಯಿತು?

ನಮ್ಮ ಮೈದಾನ ಇಳಿಜಾರು. ಮೇಲ್ಗಡೆ ಪಾತ್ರೆ ತೊಳೆಯಲು ಒಂದು ನಲ್ಲಿ, ತಗ್ಗಿನಲ್ಲಿ ಕುಡಿಯುವ ನೀರಿಗೆ ಒಂದು ನಲ್ಲಿ ಹಾಕಿದ್ದೆವು. ಪಾತ್ರೆ ತೊಳೆದ ನೀರೆಲ್ಲಾ ಹರಿದು ಬಂದು ಕುಡಿಯುವ ನಲ್ಲಿಯ ಕೆಳಗೆ ನಿಂತಿತು. ಒಂದೇ ದಿನದಲ್ಲಿ ಅಲ್ಲಿ ಕೆಸರುಗದ್ದೆ ಆಯಿತು. ಪೈಪಿನ ಜಾಯಿಂಟ್ ಆ ಕೆಸರಿನಲ್ಲೇ ಮುಳುಗಿತ್ತು.

ಇನ್ನೊಂದು ತಪ್ಪು ನನ್ನದೇ. ಮೇಲಿನ ನಲ್ಲಿಗೆ ರಬ್ಬರ್ ಪೈಪ್ ಸಿಕ್ಕಿಸಿ, ಪಾತ್ರೆ ತೊಳೆಯುವ ಡ್ರಮ್ಮಿನೊಳಗೆ ಇಳಿಬಿಟ್ಟು, ನಲ್ಲಿ ನಿಲ್ಲಿಸದೆ ಕಬಡ್ಡಿ ಆಡಲು ಓಡಿದ್ದೆ. ಆಗಲೇ ಕರೆಂಟ್ ಹೋಯಿತು. ಟ್ಯಾಂಕಿನಲ್ಲಿ ಸ್ವಲ್ಪ ನೀರಾದರೂ ಉಳಿಯಲಿ ಅಂತ ವಾಲ್ವ್ ಬಂದ್ ಮಾಡಿದರು.

ನೀರು ವಾಪಸ್ ಬರುತ್ತದೆಯೇ?

ಬರುತ್ತದೆ. ಶಿಬಿರ ಮುಗಿದ ಮೇಲೆ ನೀರುಗಂಟಿ ಅಣ್ಣ ನಮಗೆ ಒಂದು ಪ್ರಯೋಗ ತೋರಿಸಿದರು. ಡ್ರಮ್ಮಿನ ನೀರಿಗೆ ನೀಲಿ ಇಂಕು ಹಾಕಿದರು. ಪೈಪಿನ ತುದಿ ಅದರಲ್ಲೇ ಮುಳುಗಿತ್ತು. ಟ್ಯಾಂಕಿನ ವಾಲ್ವ್ ಬಂದ್ ಮಾಡಿ, ತಗ್ಗಿನ ನಲ್ಲಿ ತಿರುಗಿಸಿದರು. ಮೊದಲು ಬಿಳಿ ನೀರು ಬಂತು. ಸ್ವಲ್ಪ ಹೊತ್ತಿಗೆ ನೀಲಿ ನೀರು ಬಂತು! "ನೀರು ಒಂದೇ ದಾರೀಲಿ ಹೋಗತ್ತೆ ಅಂದ್ಕೊಂಡಿದ್ದೀರಾ? ಎಳೆದರೆ ವಾಪಸ್ಸೂ ಬರತ್ತೆ ಮಕ್ಳಾ" ಅಂದರು.

ಕಾರಣ ಇಷ್ಟೇ. ಮೇಲಿನಿಂದ ನೀರು ಬರುವುದು ನಿಂತಾಗ, ಪೈಪಿನಲ್ಲಿದ್ದ ನೀರು ತಗ್ಗಿನ ನಲ್ಲಿಯಿಂದ ಹೊರಗೆ ಹೋಗುತ್ತದೆ. ಒಳಗೆ ಒತ್ತಡ ಕಡಿಮೆ ಆಗುತ್ತದೆ. ಆಗ ಹೊರಗಿನ ಗಾಳಿಯ ಒತ್ತಡ ಡ್ರಮ್ಮಿನ ಕೊಳಕು ನೀರನ್ನು ಪೈಪಿನೊಳಕ್ಕೆ ತಳ್ಳುತ್ತದೆ. ಜಾಯಿಂಟ್ ಸಡಿಲ ಇದ್ದರೆ ಕೆಸರು ನೀರನ್ನೂ ಹಾಗೇ ತಳ್ಳುತ್ತದೆ. ಏಳು ಮಕ್ಕಳಿಗೆ ಇದರಿಂದಲೇ ಹಾಗಾಯಿತು ಅಂತ ಯಾರೂ ನನ್ನನ್ನು ಬೈಯಲಿಲ್ಲ. ಆದರೆ ಆ ನೀಲಿ ನೀರು ನೋಡಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ನಲ್ಲಿಗೆ ಜಾಗ ಆರಿಸುವುದು

1. ಕುಡಿಯುವ ನೀರಿನ ನಲ್ಲಿ ದಿಬ್ಬದ ಕಡೆ ಇರಲಿ. ಪಾತ್ರೆ, ಬಟ್ಟೆ ತೊಳೆಯುವುದು ಕೆಳಗಡೆ ಇರಲಿ. ಶೌಚಾಲಯ, ತಿಪ್ಪೆ ಎರಡರಿಂದಲೂ ದೂರ ಇರಬೇಕು.

2. ದಿಬ್ಬದಲ್ಲಿ ನೀರು ಏರುತ್ತದೆಯೇ ಅಂತ ಮೊದಲೇ ನೋಡಬೇಕು. ಒತ್ತಡಕ್ಕೆ ಟ್ಯಾಂಕ್ ಎಷ್ಟು ದೊಡ್ಡದು ಎಂಬುದು ಮುಖ್ಯವಲ್ಲ, ಎಷ್ಟು ಎತ್ತರದಲ್ಲಿದೆ ಎಂಬುದು ಮುಖ್ಯ. ಟ್ಯಾಂಕಿನ ನೀರು ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡ ಇರುತ್ತದೆ. ಪೈಪ್ ಉದ್ದ ಮತ್ತು ಸಣ್ಣ ಆದಷ್ಟೂ ನೀರು ನಿಧಾನ ಬರುತ್ತದೆ.

3. ನಲ್ಲಿಯ ಕೆಳಗೆ ಚಪ್ಪಡಿ ಕಲ್ಲು ಹಾಸಿ, ನೀರು ಹೋಗಲು ಕಾಲುವೆ ತೆಗೆಯಬೇಕು. ಆ ನೀರನ್ನು ಶಾಲೆಯ ಬಾಳೆಗಿಡಗಳಿಗೆ ಬಿಡಬಹುದು.

4. ನಲ್ಲಿಯ ಬಾಯಿ ಬಿಂದಿಗೆಗಿಂತ ಎತ್ತರ ಇರಲಿ. ಪೈಪನ್ನು ಗಟ್ಟಿ ಗೂಟಕ್ಕೆ ಕಟ್ಟಬೇಕು. ಇಲ್ಲದಿದ್ದರೆ ಚಿಕ್ಕ ಮಕ್ಕಳು ಜೋತುಬಿದ್ದು ಜಾಯಿಂಟ್ ಸಡಿಲವಾಗುತ್ತದೆ.

ದಿನಾ ನೋಡಿಕೊಳ್ಳುವುದು

ಕುಡಿಯುವ ನಲ್ಲಿಗೆ ರಬ್ಬರ್ ಪೈಪ್ ಸಿಕ್ಕಿಸಲೇಬಾರದು. ಬೇರೆ ನಲ್ಲಿಯ ಪೈಪಿನ ತುದಿಯೂ ನೀರಿನಲ್ಲಿ ಮುಳುಗಬಾರದು, ನೆಲಕ್ಕೂ ಬೀಳಬಾರದು. ಡ್ರಮ್ಮಿನ ಮೇಲೆ ಒಂದು ಗೇಣು ಎತ್ತರಕ್ಕೆ ಕಟ್ಟಿದರೆ ಸಾಕು. ನಡುವೆ ಗಾಳಿ ಇದ್ದರೆ ನೀರು ವಾಪಸ್ ಹೋಗುವುದಿಲ್ಲ.

ನಲ್ಲಿ ತೊಟ್ಟಿಕ್ಕುತ್ತಿದ್ದರೆ ಒಳಗಿನ ವಾಷರ್ ಸವೆದಿರುತ್ತದೆ. ಹೊಸದು ಹಾಕಿಸಬೇಕು. ಜಾಯಿಂಟಿನಲ್ಲಿ ಸೋರಿದರೆ ಬಿಚ್ಚಿ, ಮರೆಗೆ ಬಿಳಿ ಟೇಪ್ ಸುತ್ತಿ ಬಿಗಿ ಮಾಡಬೇಕು. ಒಂದು ಲೆಕ್ಕ ನೋಡಿ: ಸೆಕೆಂಡಿಗೆ ಒಂದು ಹನಿ ಅಂದರೆ ದಿನಕ್ಕೆ 86,400 ಹನಿ. ಸುಮಾರು 20 ಹನಿಗೆ 1 ಮಿಲಿ ಲೀಟರ್. ಅಂದರೆ ದಿನಕ್ಕೆ 4 ಲೀಟರಿಗೂ ಹೆಚ್ಚು! ಹನಿಗೂಡಿದರೆ ಹಳ್ಳ ಅನ್ನುವುದು ಸುಳ್ಳಲ್ಲ. ಇಲ್ಲಿ ಅದು ಕೆಸರಿನ ಹಳ್ಳ.

ಬೆಳಿಗ್ಗೆ ಮೊದಲ ಒಂದೆರಡು ಬಕೆಟ್ ನೀರನ್ನು ಗಿಡಕ್ಕೆ ಹಾಕಿ ಆಮೇಲೆ ಕುಡಿಯಲು ಹಿಡಿಯಬೇಕು. ಟ್ಯಾಂಕಿಗೆ 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಹಾಕಿ, ಅರ್ಧ ಗಂಟೆ ಬಿಟ್ಟು ನೀರು ಬಿಡುತ್ತಾರೆ. ಇದು ನೀರುಗಂಟಿ ಅಣ್ಣನ ಕೆಲಸ. ನಾವು ಮಕ್ಕಳು ಆ ಪುಡಿ ಮುಟ್ಟಬಾರದು.

ಶಿಬಿರ ಮುಗಿದ ಮೇಲೆ ಪೈಪಿನ ನೀರು ಬಸಿದು, ಸುತ್ತಿ, ಎರಡೂ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ನೆರಳಲ್ಲಿ ಇಡಬೇಕು. ಇಲ್ಲದಿದ್ದರೆ ಹಲ್ಲಿ, ಜೇಡ ಒಳಗೆ ಸೇರುತ್ತವೆ.

ಕೊನೆಯ ಮಾತು

ಆಶಾ ಅಕ್ಕ ಓಆರ್‌ಎಸ್ ಕುಡಿಸಿದ್ದರಿಂದ ನನ್ನ ತಂಗಿ ಎರಡು ದಿನದಲ್ಲಿ ಹುಷಾರಾದಳು. ಈ ಸಲ ಅವಳೂ ಶಿಬಿರಕ್ಕೆ ಬರುತ್ತೇನೆ ಅಂತಿದ್ದಾಳೆ. ಅಡುಗೆಗೆ, ಡೇರೆಗೆ ಒಬ್ಬೊಬ್ಬ ನಾಯಕರು ಇರುವ ಹಾಗೆ ನಲ್ಲಿಗೂ ಒಬ್ಬರು ಇರಬೇಕು. ಆ ಕೆಲಸ ನನಗೇ ಕೊಡಿ ಅಂತ ಗುರುಗಳಲ್ಲಿ ಕೇಳಿಕೊಳ್ಳುತ್ತೇನೆ. ಈ ಸಲ ಕಬಡ್ಡಿಗೆ ಓಡುವ ಮುಂಚೆ ಪೈಪ್ ಎತ್ತಿ ಕಟ್ಟುತ್ತೇನೆ.

— 7ನೇ ತರಗತಿ